ಚೀಟಿಯಲ್ಲಿ ‘ವಾಕಿಂಗ್’ ಎಂದು ಬರೆದ ಮೇಲೆ

ಸಕ್ಕರೆ ಕಾಯಿಲೆ, ಬಿಪಿ ಎಂದು ವಿಜಯಪುರದ ಯಾವ ದವಾಖಾನೆಗೆ ಹೋದರೂ ಗುಳಿಗೆಯ ಜೊತೆಗೆ ಒಂದು ಮಾತು ಸಿಗುತ್ತದೆ: “ದಿನಾ ಅರ್ಧ ತಾಸು ವಾಕಿಂಗ್ ಮಾಡ್ರಿ.” ಮಾತೇನೋ ಸರಿಯಾದದ್ದೇ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಆದರೆ ಎಲ್ಲಿ ನಡೆಯಬೇಕು, ಯಾರ ಜೊತೆ, ಎಷ್ಟು ಹೊತ್ತಿಗೆ ಎಂಬುದು ಚೀಟಿಯಲ್ಲಿ ಇರುವುದಿಲ್ಲ. ರೋಗಿ ಮನೆಗೆ ಹೋಗಿ ಗುಳಿಗೆ ನುಂಗುತ್ತಾರೆ. ನಡಿಗೆ ಅಲ್ಲಿಗೇ ನಿಲ್ಲುತ್ತದೆ.

ಈ ಅಂತರ ತುಂಬಲು ಬ್ರಿಟನ್ನಿನಲ್ಲಿ ಬೆಳೆದ ಪದ್ಧತಿಯೇ ಸೋಶಿಯಲ್ ಪ್ರಿಸ್ಕ್ರೈಬಿಂಗ್. ವೈದ್ಯರು ರೋಗಿಯನ್ನು ಒಬ್ಬ ಲಿಂಕ್ ವರ್ಕರ್ ಬಳಿ ಕಳಿಸುತ್ತಾರೆ. ಅವರು ಔಷಧ ಕೊಡುವವರಲ್ಲ. ಮನುಷ್ಯನ ಮಾತು ಕೇಳಿ, ಅವರಿಗೆ ಹೊಂದುವ ನಡಿಗೆಯ ಗುಂಪಿಗೋ ತೋಟದ ಕೆಲಸಕ್ಕೋ ಜೋಡಿಸುವವರು. 2019ರಿಂದ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಈ ಹುದ್ದೆಗಳಿಗೆ ಹಣ ಒದಗಿಸುತ್ತಿದೆ. ಒಬ್ಬೊಬ್ಬರನ್ನು ಸುಮಾರು ಮೂರು ತಿಂಗಳಲ್ಲಿ ಆರರಿಂದ ಹನ್ನೆರಡು ಸಲ ಭೇಟಿಯಾಗುವುದು ಅಲ್ಲಿನ ರೂಢಿ.

ಇಷ್ಟೊಂದು ಸಲ ಯಾಕೆ? ವ್ಯಾಯಾಮ ಕೇಂದ್ರಕ್ಕೆ ಬರೀ ಚೀಟಿ ಕೊಟ್ಟು ಕಳಿಸುವ ಹಳೆಯ ಯೋಜನೆಗಳ ಅಧ್ಯಯನಗಳನ್ನು 2007ರಲ್ಲಿ ಒಟ್ಟಿಗೆ ಅಳೆದು ನೋಡಿದಾಗ, 17 ಜನರನ್ನು ಕಳಿಸಿದರೆ ಒಬ್ಬರು ಹೆಚ್ಚಿಗೆ ಚಟುವಟಿಕೆಯವರಾಗುತ್ತಾರೆ ಎಂದು ಕಂಡುಬಂತು. ಎಷ್ಟೋ ಜನ ಮೊದಲ ದಿನವೇ ಹೋಗುವುದಿಲ್ಲ, ಹೋದವರಲ್ಲೂ ಹಲವರು ನಡುವೆ ಬಿಡುತ್ತಾರೆ. ಸೋರಿಕೆ ಇರುವುದು ಇಲ್ಲೇ. ಆದ್ದರಿಂದ ಶ್ರಮ ಹಾಕಬೇಕಾದದ್ದೂ ಇಲ್ಲೇ.

ನಮ್ಮ ಕಡೆ ಈ ಕೆಲಸಕ್ಕೆಂದೇ ಇರುವ ಲಿಂಕ್ ವರ್ಕರ್ ಹುದ್ದೆ ಇಲ್ಲ. ಆದರೆ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ, ಓಣಿಯಲ್ಲಿ ಆಶಾ ಇದ್ದಾರೆ. ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹೊರಲಾರದಷ್ಟು ಕೆಲಸವಿದೆ, ಇದನ್ನೂ ಪುಕ್ಕಟೆ ಹೇರುವುದು ಅನ್ಯಾಯ. ಒಬ್ಬರಿಗೆ ಒಂದು ಸಲಕ್ಕೆ ಹತ್ತು ರೋಗಿಗಳಿಗಿಂತ ಹೆಚ್ಚು ಬೇಡ, ಅದಕ್ಕೆ ಸಂಭಾವನೆಯೂ ಇರಲಿ. ಸ್ವಸಹಾಯ ಸಂಘದ ಒಬ್ಬ ಸದಸ್ಯೆಯನ್ನು ತಯಾರು ಮಾಡಿದರೆ ಇನ್ನೂ ಒಳ್ಳೆಯದು.

ಮೊದಲ ಮಾತುಕತೆಗೆ ಮುಕ್ಕಾಲು ತಾಸು ಬೇಕು. “ಎಷ್ಟು ನಡೀತೀರಿ?” ಎಂದು ಶುರು ಮಾಡಿದರೆ ರೋಗಿ ಪರೀಕ್ಷೆಗೆ ಕೂತಂತೆ ಉತ್ತರ ಕೊಡುತ್ತಾರೆ. “ದಿನಾ ಏನೇನು ಮಾಡ್ತೀರಿ, ಮೊದಲು ಏನು ಮಾಡ್ತಿದ್ರಿ, ಈಗ ಯಾಕ ಬಿಟ್ರಿ?” ಎಂದು ಕೇಳಬೇಕು. ಆಗ ನಿಜವಾದ ಅಡ್ಡಿ ಹೊರಬರುತ್ತದೆ. “ಒಬ್ಬಾಕಿನ ರಸ್ತೆದಾಗ ಸುಮ್ನ ಅಡ್ಡಾಡಿದ್ರ ಮಂದಿ ಏನಂದಾರು?” ಎನ್ನುವ ಹೆಣ್ಣುಮಗಳಿಗೆ ವ್ಯಾಯಾಮದ ಪಾಠದಿಂದ ಪ್ರಯೋಜನವಿಲ್ಲ, ನಾಲ್ಕು ಜನ ಜೊತೆ ಬೇಕು. ಬನಹಟ್ಟಿಯಲ್ಲಿ ದಿನವಿಡೀ ಪವರ್‌ಲೂಮಿನ ಮುಂದೆ ನಿಲ್ಲುವ ನೇಕಾರನಿಗೆ ಸಂಜೆ ಕಾಲು ಸೋತಿರುತ್ತವೆ. ಅವನಿಗೆ ಬೆಳಗಿನ ಹೊತ್ತೇ ಸರಿ. ಹೊಲಕ್ಕೆ ಹೋಗುವವರಿಗೆ ದುಡಿಮೆಯ ದಿನಗಳಲ್ಲಿ ಬೇರೆ ವಾಕಿಂಗ್ ಬೇಕಾಗದು. ಸುಗ್ಗಿ ಮುಗಿದು ಕೂತಾಗ ಬೇಕು.

ಜಾಗಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟಿರಬೇಕು. ಬೆಳಗಾವಿಯಲ್ಲಿ ವ್ಯಾಕ್ಸಿನ್ ಡಿಪೋ ಬಯಲು, ಬಾಗಲಕೋಟೆಯಲ್ಲಿ ನವನಗರದ ಸೆಕ್ಟರ್‌ಗಳ ಅಗಲ ರಸ್ತೆಗಳು, ಹಳ್ಳಿಯಲ್ಲಿ ಶಾಲೆಯ ಬಯಲು. ಪ್ರತಿಯೊಂದರ ಮುಂದೆ ನೆರಳು, ಕೂರಲು ಕಟ್ಟೆ, ಕುಡಿಯುವ ನೀರು, ಬೀದಿದೀಪ, ನಾಯಿಕಾಟ ಗುರುತಿಸಿಕೊಳ್ಳಿ. ನಾಯಿಗಳ ಹೆದರಿಕೆಯಿಂದಲೇ ನಸುಕಿನ ನಡಿಗೆ ಬಿಟ್ಟವರು ಬಹಳ.

ಮೊದಲ ದಿನ ಜೊತೆಗೆ ಹೋಗಲೇಬೇಕು. “ನಾಳೆ ಮುಂಜಾನೆ ಆರಕ್ಕ ಹನಮಪ್ಪನ ಗುಡಿ ಹತ್ರ ಬರ್ರಿ ಕಾಕು, ನಾನೂ ಬರ್ತೀನಿ” ಎಂಬ ಒಂದು ಮಾತು ಕರಪತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಗುಂಪಿನಲ್ಲಿ ಒಬ್ಬರ ಹೆಸರು ಹೇಳಿ ಪರಿಚಯಿಸಿ. ಕಾಲಲ್ಲಿ ಹವಾಯಿ ಚಪ್ಪಲಿ ಇದೆಯೇ ನೋಡಿ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಬೊಬ್ಬೆ ಎದ್ದದ್ದೂ ತಿಳಿಯದು. ಹಿಮ್ಮಡಿ ಹಿಡಿಯುವ ಪಟ್ಟಿ ಇರುವ ಮೆತ್ತನೆ ಚಪ್ಪಲಿಯೋ ಬೂಟೋ ಬೇಕು, ಮನೆಗೆ ಬಂದು ಅಂಗಾಲು ನೋಡಿಕೊಳ್ಳಬೇಕು.

ಪ್ರಮಾಣ ಹೀಗಿರಲಿ: ಮೊದಲ ವಾರ ದಿನಕ್ಕೆ 10 ನಿಮಿಷ, ಐದು ದಿನ. ವಾರಕ್ಕೆ 5 ನಿಮಿಷ ಏರಿಸಿದರೆ ಐದನೇ ವಾರಕ್ಕೆ 30 ನಿಮಿಷ, ಅಂದರೆ ವಾರಕ್ಕೆ 150. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಅದೇ ಸರಿಯಾದ ವೇಗ. ಮೊದಲ ವಾರವೇ ಹುರುಪಿನಿಂದ ಒಂದು ತಾಸು ನಡೆದವರು ಎರಡನೇ ವಾರ ಮೊಣಕಾಲು ಹಿಡಿದು ಕೂರುತ್ತಾರೆ. ಹೊತ್ತು ಹೊಂದದವರು ಊಟದ ನಂತರ ಹತ್ತು ಹತ್ತು ನಿಮಿಷ ನಡೆಯಲಿ. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ನ್ಯೂಜಿಲೆಂಡಿನಲ್ಲಿ 41 ಟೈಪ್-2 ಮಧುಮೇಹಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾವಾಗಲೋ ಒಮ್ಮೆ 30 ನಿಮಿಷ ನಡೆಯುವುದಕ್ಕಿಂತ ಮೂರು ಊಟದ ನಂತರವೂ 10 ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಸರಾಸರಿ ಶೇ 12ರಷ್ಟು ಕಡಿಮೆಯಿತ್ತು. ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದನ್ನೂ ಸೇರಿಸಿ.

ನಡೆಯುವಾಗ ಎದೆ ಹಿಡಿದರೆ ಅಲ್ಲೇ ನಿಲ್ಲಬೇಕು, ತಡಮಾಡದೆ ದವಾಖಾನೆಗೆ ಹೋಗಬೇಕು. ಬಿಪಿ 180/110ಕ್ಕಿಂತ ಮೇಲಿದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಗ್ಲಿಮೆಪಿರೈಡ್ ಎಂಬ ಸಕ್ಕರೆ ಕಾಯಿಲೆಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ನಡೆಯುವುದು ಅಪಾಯ, ರಕ್ತದ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಬಂದರೆ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು 15 ನಿಮಿಷ ಕೂರಬೇಕು. ಏಪ್ರಿಲ್-ಮೇದಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಗುಂಪಿನ ಹೊತ್ತನ್ನು ಮುಂಜಾನೆ ಐದೂವರೆಗೆ ಸರಿಸಿ.

ಸತತ ಮೂರು ದಿನ ತಪ್ಪಿಸಿದವರಿಗೆ ಅದೇ ದಿನ ಫೋನ್ ಹೋಗಬೇಕು. ಬೈಯಲಿಕ್ಕಲ್ಲ. ಮದುವೆ, ಜಾತ್ರೆ, ಮಗಳ ಬಾಣಂತನ, ಮಂಡಿ ಬಾವು, ಕಾರಣ ಪ್ರತಿಸಲ ಬೇರೆ ಇರುತ್ತದೆ, ಯೋಜನೆಯೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಮೂರು ತಿಂಗಳಿಗೆ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆಂದು ಎಣಿಸಿ, ಎರಡನ್ನೂ ಚೀಟಿ ಬರೆದ ವೈದ್ಯರಿಗೆ ಮುಟ್ಟಿಸಿ. ನಡಿಗೆಯಿಂದ ಸಕ್ಕರೆ ಇಳಿದಿದ್ದರೆ ಹಳೆಯ ಡೋಸೇ ಹೆಚ್ಚಾಗಬಹುದು. ಗುಳಿಗೆ ಕಡಿಮೆ ಮಾಡಬೇಕೇ ಎಂದು ಅವರು ನೋಡಲಿ.