ಎನ್‌.ಎ. ಆಗುವ ಮುನ್ನ: ಬಡಾವಣೆಯ ಕೆಳಗಿನ ನೆಲ ಮತ್ತು ನೀರು

ಕಲಬುರಗಿಯ ರಿಂಗ್ ರಸ್ತೆ ದಾಟಿ ಯಾವ ದಿಕ್ಕಿಗೆ ಹೊರಟರೂ ತೊಗರಿ ಹೊಲಗಳ ನಡುವೆ ನೆಟ್ಟ ಗಡಿಗಲ್ಲುಗಳು, ಮೊರಂ (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಹಾಸಿದ ಅಡ್ಡರಸ್ತೆಗಳು ಮತ್ತು ‘ಎನ್‌.ಎ. ಪ್ಲಾಟ್’ (ಕೃಷಿಯೇತರ ಬಳಕೆಗೆ ಪರಿವರ್ತನೆಯಾದ ನಿವೇಶನ) ಎಂದು ಬರೆದ ಫಲಕಗಳು ಕಣ್ಣಿಗೆ ಬೀಳುತ್ತವೆ. ಬೀದರ್ ಮತ್ತು ಯಾದಗಿರಿಯ ಹೊರವಲಯದಲ್ಲೂ ಇದೇ ನೋಟ. ಬೆಳೆಯುವ ಊರಿಗೆ ಮನೆಗಳು ಬೇಕು, ಮನೆಗಳಿಗೆ ಜಾಗ ಬೇಕು. ಅದರ ಬಗ್ಗೆ ತಕರಾರು ಯಾರಿಗೂ ಇರಲಾರದು. ಆದರೆ ಹೊಲವೊಂದು ವಸತಿ ಪ್ರದೇಶವಾಗಿ ಬದಲಾಗುವಾಗ ಕಡತದಲ್ಲಿ ಪರಿಶೀಲನೆಯಾಗುವುದು ಹೆಚ್ಚಾಗಿ ಮಾಲೀಕತ್ವ, ರಸ್ತೆಯ ಅಗಲ ಮತ್ತು ಶುಲ್ಕ. ಆ ನೆಲದ ಮೇಲೆ ಬಿದ್ದ ಮಳೆ ಇಷ್ಟು ಕಾಲ ಎಲ್ಲಿಗೆ ಹೋಗುತ್ತಿತ್ತು, ಇನ್ನು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಜಾಗ ಬಹಳ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಭೂ ಬಳಕೆ ಬದಲಾವಣೆಯ ಪರಿಸರ ಷರತ್ತುಗಳೆಲ್ಲ ಈ ಪ್ರಶ್ನೆಯಿಂದಲೇ ಆರಂಭವಾಗಬೇಕು. ಇದಕ್ಕೆ ಉತ್ತರ ಸರ್ವೆ ನಂಬರಿನಲ್ಲಿ ಸಿಗುವುದಿಲ್ಲ, ಮಣ್ಣು ಮತ್ತು ಕಲ್ಲಿನಲ್ಲಿ ಸಿಗುತ್ತದೆ.

ನಮ್ಮ ಈ ಮೂರು ಜಿಲ್ಲೆಗಳ ನೆಲ ಒಂದೇ ಬಗೆಯದಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾದ ಕಪ್ಪು ಶಿಲೆ, ಅಂದರೆ ಬಸಾಲ್ಟ್, ಕಲಬುರಗಿ ಮತ್ತು ಬೀದರ್‌ನ ಬಹುಭಾಗವನ್ನು ಆವರಿಸಿದೆ. ಅದು ಸವೆದು ಆದದ್ದೇ ನಮ್ಮ ಎರೆಮಣ್ಣು. ಬೀದರ್ ಪಟ್ಟಣ ನಿಂತಿರುವ ಪ್ರಸ್ಥಭೂಮಿಯಲ್ಲಿ ಬಸಾಲ್ಟಿನ ಮೇಲೆ ಜಂಬಿಟ್ಟಿಗೆಯ ದಪ್ಪ ಪದರವಿದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಭೀಮಾ ಕಣಿವೆಯ ಬಹು ಪುರಾತನ ಸುಣ್ಣಕಲ್ಲು ಹರಡಿದೆ. ಯಾದಗಿರಿ ಪಟ್ಟಣದ ಸುತ್ತ ಗ್ರಾನೈಟ್ ಬಂಡೆಗಳ ಬೆಟ್ಟಗಳು ಎದ್ದು ನಿಂತಿವೆ. ಈ ನಾಲ್ಕೂ ಕಡೆ ಒಂದೇ ನಮೂನೆಯ ಷರತ್ತುಪತ್ರವನ್ನು ಲಗತ್ತಿಸಿ ಬಡಾವಣೆಗೆ ಮಂಜೂರಾತಿ ಕೊಟ್ಟರೆ, ಒಂದು ಕಡೆ ಸರಿಹೋದದ್ದು ಇನ್ನೊಂದು ಕಡೆ ಬಾವಿಯನ್ನೇ ಕೆಡಿಸಬಹುದು.

ಎರೆಭೂಮಿಯನ್ನೇ ಮೊದಲು ತೆಗೆದುಕೊಳ್ಳೋಣ. ಅದರಲ್ಲಿರುವ ಸ್ಮೆಕ್ಟೈಟ್ ಜಾತಿಯ ಜೇಡಿ ಖನಿಜ ತನ್ನ ಪದರಗಳ ನಡುವೆ ನೀರನ್ನು ಸೇರಿಸಿಕೊಂಡು ಉಬ್ಬುತ್ತದೆ, ನೀರು ಆರಿದಾಗ ಕುಗ್ಗುತ್ತದೆ. ಏಪ್ರಿಲ್ ಕೊನೆಗೆ ಖಾಲಿ ಹೊಲದಲ್ಲಿ ನಿಂತು ನೋಡಿದರೆ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಕಾಣುತ್ತವೆ. ಆಗ ಬಿಂದಿಗೆ ನೀರು ಸುರಿದರೆ ಕ್ಷಣದಲ್ಲಿ ಮಾಯವಾಗುತ್ತದೆ. ಅದೇ ಜಾಗದಲ್ಲಿ ಆಗಸ್ಟ್‌ನಲ್ಲಿ ಸುರಿದ ನೀರು ಮರುದಿನವೂ ನಿಂತಿರುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಹೊಲಗಳಲ್ಲಿ ಇದನ್ನು ಅಳೆದು ನೋಡಲಾಗಿದೆ: ಒಣಗಿ ಬಿರಿದ ಎರೆಮಣ್ಣು ಮೊದಲ ಅರ್ಧ ಗಂಟೆ, ಗಂಟೆಗೆ 70 ಮಿಲಿಮೀಟರಿಗೂ ಹೆಚ್ಚಿನ ವೇಗದಲ್ಲಿ ನೀರು ಹೀರುತ್ತದೆ, ಪೂರ್ತಿ ನೆನೆದ ಮೇಲೆ ಆ ವೇಗ ಗಂಟೆಗೆ ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ಬಡಾವಣೆಗೆ ಇದರಿಂದ ಆಗುವ ಪರಿಣಾಮ ನೇರವಾದದ್ದು. ಒಳಚರಂಡಿ ಇಲ್ಲದ ಕಡೆ ಪ್ರತಿ ಮನೆಗೂ ಸೆಪ್ಟಿಕ್ ಟ್ಯಾಂಕ್, ಅದರ ಪಕ್ಕದಲ್ಲಿ ಇಂಗುಗುಂಡಿ ಎಂದು ನಕ್ಷೆಯಲ್ಲಿ ತೋರಿಸುತ್ತಾರೆ. ಮಣ್ಣು ಎಷ್ಟು ನೀರು ಹೀರುತ್ತದೆ ಎಂಬ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿದರೆ ಫಲಿತಾಂಶ ತುಂಬ ಚೆನ್ನಾಗಿಯೇ ಬರುತ್ತದೆ, ಏಕೆಂದರೆ ನೀರು ಇಳಿಯುವುದು ಬಿರುಕಿನೊಳಗೆ. ಮೃಗಶಿರಾ, ಆರಿದ್ರಾ ಮಳೆಗಳು ಸುರಿದು ಮಣ್ಣು ಉಬ್ಬಿಕೊಂಡ ಮೇಲೆ ಅದೇ ಗುಂಡಿ ತುಂಬಿ ರಸ್ತೆಗೆ ಹರಿಯುತ್ತದೆ. ಆದ್ದರಿಂದ ಎರೆಭೂಮಿಯಲ್ಲಿ ಈ ಪರೀಕ್ಷೆಯನ್ನು ಮಳೆಗಾಲದ ನಡುವೆ, ನೆನೆದ ಮಣ್ಣಿನಲ್ಲೇ ಮಾಡಬೇಕೆಂಬ ಷರತ್ತು ಅತ್ಯಗತ್ಯ. ಅದಕ್ಕೆ ಹೆಚ್ಚಿನ ಖರ್ಚಿಲ್ಲ, ಕೆಲವು ತಿಂಗಳು ಕಾಯುವ ತಾಳ್ಮೆ ಮಾತ್ರ ಬೇಕು. ಪರೀಕ್ಷೆಯಲ್ಲಿ ಮಣ್ಣು ನೀರು ಹೀರದಿದ್ದರೆ ಇಂಗುಗುಂಡಿಯ ಮಾತನ್ನೇ ಕೈಬಿಟ್ಟು, ಕೊಳಚೆ ನೀರಿನ ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ನಕ್ಷೆಯಲ್ಲೇ ಜಾಗ ಬಿಡಿಸಬೇಕು. ಹತ್ತು ಎಕರೆಯ ಬಡಾವಣೆಯಲ್ಲಿ 200 ಮನೆಗಳು, ಮನೆಗೆ ಐದು ಜನ ಎಂದು ಹಿಡಿಯೋಣ. ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬ ನಗರದ ಮಾನದಂಡದಂತೆ, ಅದರಲ್ಲಿ ಶೇಕಡಾ 80ರಷ್ಟು ಹೊರಬಂದರೂ ದಿನವೊಂದಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು ಕೊಳಚೆ ನೀರು ಆಗುತ್ತದೆ. ಅದಕ್ಕೆ ದಾರಿ ತೋರಿಸದ ನಕ್ಷೆ ಅದನ್ನು ಪಕ್ಕದ ಹಳ್ಳಕ್ಕೆ ಬಿಟ್ಟಂತೆಯೇ.

ಹಳ್ಳದ ವಿಷಯಕ್ಕೆ ಬಂದರೆ, ನಮ್ಮ ಭಾಗದಲ್ಲಿ ಅತಿ ಹೆಚ್ಚು ಹಾನಿ ಆಗಿರುವುದು ಇಲ್ಲಿಯೇ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರಾಗುತ್ತದೆ. ಹತ್ತು ಎಕರೆಯಲ್ಲಿ 50 ಮಿಲಿಮೀಟರ್ ಸುರಿದರೆ 20 ಲಕ್ಷ ಲೀಟರ್. ಉಳುಮೆಯ ಸಾಲು, ಬದು, ಒಡ್ಡು ಮತ್ತು ನಿಂತ ಪೈರು ಇರುವ ಹೊಲ ಅದರಲ್ಲಿ ದೊಡ್ಡ ಪಾಲನ್ನು ತಡೆದು, ಉಳಿದದ್ದನ್ನು ನಿಧಾನವಾಗಿ ಬಿಡುತ್ತದೆ. ಅದೇ ನೆಲದ ಮೇಲೆ ಛಾವಣಿ, ಕಾಂಕ್ರೀಟ್ ಅಂಗಳ ಮತ್ತು ಡಾಂಬರು ಬಂದ ಮೇಲೆ ಹರಿದು ಹೋಗುವ ನೀರು ಎರಡು ಪಟ್ಟಾಗುವುದು ಸಾಮಾನ್ಯ. ಅದಕ್ಕಿಂತ ಮುಖ್ಯವಾಗಿ, ಗಂಟೆಗಳ ಕಾಲ ಹರಿಯಬೇಕಾದದ್ದು ಕೆಲವೇ ನಿಮಿಷಗಳಲ್ಲಿ ಒಟ್ಟಿಗೆ ನುಗ್ಗುತ್ತದೆ. ಹೊಲದ ನೀರಿಗೆ ಸಾಕಾಗುತ್ತಿದ್ದ ಹಳ್ಳ ಬಡಾವಣೆಯ ನೀರಿಗೆ ಸಾಲುವುದಿಲ್ಲ. ಹೀಗಿರುವಾಗ ಅಭಿವೃದ್ಧಿಯ ಹೆಸರಿನಲ್ಲಿ ಹಳ್ಳವನ್ನು ಅಗಲ ಮಾಡುವ ಬದಲು ಅದಕ್ಕೆ ಕಲ್ಲು ಕಟ್ಟಿ, ಇನ್ನೂ ಕಿರಿದು ಮಾಡಿ, ಮೇಲೆ ಚಪ್ಪಡಿ ಹಾಕುತ್ತಾರೆ.

ಇದಕ್ಕೆ ಮೊರಂ ತುಂಬುವ ರೂಢಿ ಸೇರಿಕೊಳ್ಳುತ್ತದೆ. ಎರೆಮಣ್ಣಿನ ಮೇಲೆ ನೇರವಾಗಿ ಕಟ್ಟಿದ ಗೋಡೆ ಬಿರಿಯುತ್ತದೆ ಎಂಬ ಕಾರಣಕ್ಕೆ ಮಣ್ಣನ್ನು ಅಗೆದು ತೆಗೆದು, ಎಲ್ಲಿಂದಲೋ ಗುಡ್ಡ ಕಡಿದು ತಂದ ಮೊರಂ ತುಂಬಿ, ಬಡಾವಣೆಯನ್ನು ಪಕ್ಕದ ಹೊಲಕ್ಕಿಂತ ಎರಡು ಮೂರು ಅಡಿ ಎತ್ತರಿಸುತ್ತಾರೆ. ಆ ಎತ್ತರವೇ ಮೇಲಿನ ಹೊಲಗಳ ನೀರಿಗೆ ಅಡ್ಡಗಟ್ಟೆಯಾಗುತ್ತದೆ. ಮುಂದಿನ ಮಳೆಯಲ್ಲಿ ತೊಗರಿ ಬೇರು ಕೊಳೆತು ನಷ್ಟ ಅನುಭವಿಸುವವನು ಬಡಾವಣೆಗೆ ಸಂಬಂಧವೇ ಇಲ್ಲದ ಪಕ್ಕದ ರೈತ. ಹೊರಗೆ ಹೋದ ಎರೆಮಣ್ಣಿಗೂ ಲೆಕ್ಕವಿಲ್ಲ. ನೂರಾರು ವರ್ಷಗಳಲ್ಲಿ ರೂಪುಗೊಂಡ ಆ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ ಉದ್ಯಾನಕ್ಕೆ ಮರುಬಳಸಬೇಕೆಂದು ದೊಡ್ಡ ಯೋಜನೆಗಳ ಪರಿಸರ ಅನುಮತಿಯಲ್ಲಿ ಷರತ್ತು ಹಾಕುವುದುಂಟು. ಅದನ್ನು ಸಣ್ಣ ಬಡಾವಣೆಗಳಿಗೂ ಅನ್ವಯಿಸಲು ಯಾವ ತೊಡಕೂ ಕಾಣುವುದಿಲ್ಲ.

ಹಳ್ಳವನ್ನು ಕಾಗದದಲ್ಲಿ ಕಾಪಾಡುವ ಏರ್ಪಾಡು ನಮ್ಮ ಕಂದಾಯ ದಾಖಲೆಯಲ್ಲೇ ಇದೆ. ಪಹಣಿಯಲ್ಲಿ ‘ಬ ಖರಾಬು’ ಎಂದು ನಮೂದಾದ ಜಾಗ ಹಳ್ಳ, ಕೆರೆ, ಕಾಲುದಾರಿ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಮೀಸಲು. ಅದು ಪಟ್ಟಾದಾರನ ಸ್ವತ್ತಲ್ಲ. ಪರಿವರ್ತನೆಗೆ ಮೊದಲು ಗ್ರಾಮ ನಕಾಶೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿದರೆ ಯಾವ ಹಳ್ಳ ಎಲ್ಲಿ ತಿರುಗಿದೆ, ಎಲ್ಲಿ ಮಾಯವಾಗಿದೆ ಎಂಬುದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಯ ಹಳ್ಳಿಗಳು ಮುಳುಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂದು ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತು ಊರವರ ನೆನಪಿನಲ್ಲೂ ಗೋಡೆಗಳ ಮೇಲೂ ಇದೆ. ಭೀಮಾ, ಕಾಗಿಣಾ, ಬೆಣ್ಣೆತೊರಾ ದಂಡೆಯ ಯಾವುದೇ ಭೂ ಬಳಕೆ ಬದಲಾವಣೆಯಲ್ಲಿ ಆ ಗೆರೆಯೇ ಮೊದಲ ಗೆರೆಯಾಗಬೇಕು.

ಬೀದರ್‌ನ ಕಥೆ ಇದಕ್ಕೆ ಪೂರ್ತಿ ವಿರುದ್ಧ. ಜಂಬಿಟ್ಟಿಗೆ ರಂಧ್ರಗಳುಳ್ಳ ಶಿಲೆ. ಮೇಲೆ ಬಿದ್ದ ಮಳೆಯನ್ನು ಅದು ತಡೆಯಿಲ್ಲದೆ ಕೆಳಗೆ ಬಿಡುತ್ತದೆ. ತಳದಲ್ಲಿರುವ ಜೇಡಿ ಪದರ ಮತ್ತು ಗಟ್ಟಿ ಬಸಾಲ್ಟನ್ನು ದಾಟಲಾರದ ನೀರು ಅಡ್ಡಲಾಗಿ ಸರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ಝರಣಿ ನರಸಿಂಹ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆಯುವುದೂ, ಗುರುನಾನಕ್ ಝೀರಾದ ಬುಗ್ಗೆಯೂ ಈ ನೆಲದ ರಚನೆಯ ಫಲವೇ. ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಒಯ್ದ ಬಹಮನಿಗಳ ಕಾಲದಲ್ಲಿ, ಪರ್ಷಿಯಾದ ತಂತ್ರವನ್ನು ಅನುಸರಿಸಿ, ಈ ನೀರನ್ನು ಸಂಗ್ರಹಿಸಲು ಸುರಂಗಗಳನ್ನು ತೋಡಿದರು. ನೌಬಾದ್‌ನ ಸುರಂಗ ಬಾವಿ, ಅಂದರೆ ಕರೇಜ್, ಅವುಗಳಲ್ಲಿ ಪ್ರಸಿದ್ಧವಾದದ್ದು. ನೆಲದಡಿಯಲ್ಲಿ ತುಸುವೇ ಇಳಿಜಾರಾಗಿ ಸಾಗುವ ಕಾಲುವೆ, ಅದರ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಇಳಿಬಿಟ್ಟ ಬಾವಿಯಂಥ ಕಿಂಡಿಗಳು: ಮಣ್ಣು ತೆಗೆಯಲು, ಗಾಳಿಯಾಡಲು, ಹೂಳೆತ್ತಲು ಅವೇ ದಾರಿ. ನೀರೆತ್ತುವ ಯಂತ್ರವಿಲ್ಲ, ಇಳಿಜಾರೇ ನೀರನ್ನು ಒಯ್ಯುತ್ತದೆ.

ಇಂಥ ನೆಲದ ಮೇಲೆ ಬಡಾವಣೆ ಬಂದಾಗ ಮೂರು ರೀತಿಯಲ್ಲಿ ಪೆಟ್ಟು ಬೀಳುತ್ತದೆ. ಕಿಂಡಿಯನ್ನು ಹಳೆಯ ಪಾಳುಬಾವಿ ಎಂದು ತಿಳಿದು ಕಸ, ಮಣ್ಣು ತುಂಬಿ ಮುಚ್ಚಿದರೆ ಸುರಂಗ ಅಲ್ಲಿಗೇ ಕಟ್ಟಿಕೊಳ್ಳುತ್ತದೆ. ಮೇಲಿನ ಮಳೆ ಹೀರುವ ಬಯಲಿಗೆ ಕಾಂಕ್ರೀಟ್ ಹಾಕಿದರೆ ಸುರಂಗ ಗಟ್ಟಿಯಾಗಿದ್ದರೂ ನೀರು ಬರುವುದಿಲ್ಲ. ಇವೆರಡಕ್ಕಿಂತ ಗುಟ್ಟಾಗಿ ಕೆಲಸ ಮಾಡುವುದು ಬೋರ್‌ವೆಲ್. ಸುತ್ತಲಿನ ಮನೆಗಳ ಬೋರ್‌ವೆಲ್‌ಗಳು ಅಂತರ್ಜಲದ ಮಟ್ಟವನ್ನು ಸುರಂಗದ ತಳಕ್ಕಿಂತ ಕೆಳಗೆ ಇಳಿಸಿದ ದಿನ, ಒಂದು ಕಲ್ಲೂ ಅಲುಗದೆ ಕರೇಜ್ ಬತ್ತುತ್ತದೆ. ಜಂಬಿಟ್ಟಿಗೆ ನೀರನ್ನು ಬಿಡುವಷ್ಟೇ ಸಲೀಸಾಗಿ ಕೊಳಚೆಯನ್ನೂ ಒಳಗೆ ಬಿಡುತ್ತದೆ ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ಸುರಂಗದ ಜಾಡು ಮತ್ತು ಅದಕ್ಕೆ ನೀರುಣಿಸುವ ಮೇಲ್ಪ್ರದೇಶ ಎರಡನ್ನೂ ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಗುರುತಿಸಿ, ಜಾಡಿನ ಇಕ್ಕೆಲದಲ್ಲಿ ಆಳದ ಅಡಿಪಾಯ ಮತ್ತು ಕೊಳವೆಬಾವಿಯನ್ನು ನಿಷೇಧಿಸಿ, ಮೇಲ್ಪ್ರದೇಶವನ್ನು ಉದ್ಯಾನ ಅಥವಾ ಬಯಲಾಗಿಯೇ ಉಳಿಸುವುದು ಬೀದರ್‌ಗೆ ಬೇಕಾದ ಕನಿಷ್ಠ ರಕ್ಷಣೆ. ಕಿಂಡಿಗಳಿಗೆ ಬೇಲಿ ಹಾಕಿದರೆ ಸ್ಮಾರಕ ಉಳಿದೀತು; ನೀರು ಉಳಿಯಬೇಕಾದರೆ ಬಯಲು ಉಳಿಯಬೇಕು.

ಸುಣ್ಣಕಲ್ಲಿನ ನಾಡಿನಲ್ಲಿ ಅಪಾಯ ಬೇರೆಯದು. ಶಹಾಬಾದ್ ಫರ್ಸಿ ಎಂಬ ನೆಲಹಾಸು ಕಲ್ಲನ್ನು ಕಂಡವರಿಗೆಲ್ಲ ಅದು ಪದರ ಪದರವಾಗಿ ಏಳುವುದು ಗೊತ್ತು. ನೆಲದೊಳಗೆ ಆ ಪದರಗಳ ಸಂದು ಮತ್ತು ಸೀಳುಗಳಲ್ಲೇ ನೀರು ಓಡಾಡುತ್ತದೆ. ಮಣ್ಣಿನಲ್ಲಿ ನಿಧಾನವಾಗಿ ಇಳಿಯುವ ಕೊಳಚೆ ನೀರು ದಾರಿಯಲ್ಲಿ ಸೂಕ್ಷ್ಮಜೀವಿಗಳಿಂದ ಅಷ್ಟಿಷ್ಟು ಶುದ್ಧವಾಗುತ್ತದೆ. ಸೀಳಿನಲ್ಲಿ ಹರಿಯುವ ನೀರಿಗೆ ಆ ಅವಕಾಶವೇ ಇಲ್ಲ. ಸೆಪ್ಟಿಕ್ ಟ್ಯಾಂಕಿನ ನೀರು ಹೆಚ್ಚು ಹೊತ್ತು ಹಿಡಿಯದೆ ಬಾವಿ ಸೇರಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ, ಏಕೆಂದರೆ ಅದು ಹೆಚ್ಚಾದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದುತ್ತದೆ. ಕೈಬಿಟ್ಟ ಕಲ್ಲುಗಣಿಗಳಿಗೆ ಕಸ ತುಂಬಿ, ಸಮತಟ್ಟು ಮಾಡಿ, ಅದರ ಮೇಲೆ ನಿವೇಶನ ಹಾಕುವುದಕ್ಕೆ ಅನುಮತಿ ಕೊಡಲೇಬಾರದು. ಯಾದಗಿರಿಯ ಗ್ರಾನೈಟ್ ನೆಲದಲ್ಲಿ ಅಂತರ್ಜಲವೇ ಕಡಿಮೆ, ಆಳಕ್ಕೆ ಹೋದಷ್ಟೂ ಫ್ಲೋರೈಡಿನ ಭಯ. ಅಲ್ಲಿ ಬೋರ್‌ವೆಲ್ ಒಂದನ್ನೇ ನಂಬಿದ ಬಡಾವಣೆಗೆ ನೀರಿನ ಇನ್ನೊಂದು ಮೂಲವನ್ನು ತೋರಿಸುವವರೆಗೆ ಒಪ್ಪಿಗೆ ಸಿಗಬಾರದು.

ಕಾನೂನು ಏನೂ ಇಲ್ಲವೆಂದಲ್ಲ. ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂನಡಿ ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಅನುಮತಿ ಬೇಕು. ಮಹಾಯೋಜನೆಯಲ್ಲಿ ನಿಗದಿಯಾದ ಬಳಕೆಯನ್ನು ಬದಲಿಸಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ ಇದೆ. ಅದರಂತೆ ಪ್ರಕಟಣೆ ಹೊರಡಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಕಾಮಗಾರಿಗೆ ಮೊದಲೇ ಪರಿಸರ ಅನುಮತಿಯನ್ನು ಕಡ್ಡಾಯ ಮಾಡುವ 2006ರ ಕೇಂದ್ರ ಅಧಿಸೂಚನೆ ಮಾತ್ರ ದೊಡ್ಡ ಯೋಜನೆಗಳನ್ನು ಉದ್ದೇಶಿಸಿದ್ದು. ಅದು ಕಟ್ಟಡಗಳಿಗೆ 20,000 ಚದರ ಮೀಟರ್ ನಿರ್ಮಾಣ ವಿಸ್ತೀರ್ಣದಿಂದಲೂ, ಬಡಾವಣೆ ಮತ್ತು ಟೌನ್‌ಶಿಪ್‌ಗಳಿಗೆ 50 ಹೆಕ್ಟೇರಿನಿಂದಲೂ ಮಿತಿಯನ್ನು ಇಟ್ಟಿತು. ಐವತ್ತು ಹೆಕ್ಟೇರ್ ಎಂದರೆ ಸುಮಾರು 123 ಎಕರೆ. ನಮ್ಮ ಊರುಗಳ ಸುತ್ತ ಏಳುವ ಬಡಾವಣೆಗಳು ಸಾಮಾನ್ಯವಾಗಿ ಐದು, ಹತ್ತು, ಇಪ್ಪತ್ತು ಎಕರೆಯವು. ಒಂದೊಂದನ್ನೇ ನೋಡಿದರೆ ಯಾವುದೂ ಮಿತಿಯನ್ನು ಮುಟ್ಟುವುದಿಲ್ಲ, ಆದರೆ ಹತ್ತು ವರ್ಷಗಳಲ್ಲಿ ಒಂದೇ ಹಳ್ಳದ ಜಲಾನಯನದಲ್ಲಿ ಇಂಥ ಇಪ್ಪತ್ತು ಬಡಾವಣೆಗಳು ಬಂದರೆ ಹಳ್ಳಕ್ಕೆ ಬೀಳುವ ನೀರು ಒಂದು ಟೌನ್‌ಶಿಪ್‌ನದ್ದೇ. ಈ ಒಟ್ಟು ಲೆಕ್ಕವನ್ನು ಯಾರೂ ಹಾಕದಿರುವುದೇ ಇಡೀ ವ್ಯವಸ್ಥೆಯ ದೊಡ್ಡ ಕೊರತೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರವು ತನ್ನ ವ್ಯಾಪ್ತಿಯ ಪ್ರತಿ ಹಳ್ಳಕ್ಕೂ ಒಂದು ಲೆಕ್ಕದ ಪುಸ್ತಕ ಇಟ್ಟು, ಈಗಾಗಲೇ ಎಷ್ಟು ಎಕರೆ ಪರಿವರ್ತನೆಯಾಗಿದೆ, ಹಳ್ಳದ ಸೇತುವೆ ಮತ್ತು ಮೋರಿಗಳು ಎಷ್ಟು ನೀರನ್ನು ದಾಟಿಸಬಲ್ಲವು, ಇನ್ನು ಎಷ್ಟಕ್ಕೆ ಅವಕಾಶವಿದೆ ಎಂಬುದನ್ನು ಪ್ರತಿ ಹೊಸ ಅರ್ಜಿಯ ಜೊತೆ ಲಗತ್ತಿಸಬಹುದು. ಬಡಾವಣೆಯಿಂದ ಹೊರಹೋಗುವ ನೀರು ಹೊಲವಾಗಿದ್ದಾಗ ಹೋಗುತ್ತಿದ್ದುದಕ್ಕಿಂತ ಹೆಚ್ಚಾಗಬಾರದು ಎಂಬ ಒಂದೇ ಷರತ್ತು ಹಾಕಿದರೂ, ನಕ್ಷೆ ಬರೆಯುವವರು ತಗ್ಗಿನ ಜಾಗವನ್ನು ಹುಡುಕಿ ಅಲ್ಲಿಯೇ ಉದ್ಯಾನ ಮತ್ತು ತಡೆಹೊಂಡವನ್ನು ಇಡಬೇಕಾಗುತ್ತದೆ. ಇಂದು ಉದ್ಯಾನಕ್ಕೆ ಬಿಡುವುದು ಬಹಳಷ್ಟು ಕಡೆ ನಿವೇಶನಕ್ಕೆ ಒದಗದ ಮೂಲೆಯನ್ನು. ಹಳೆಯ ಬೇವು, ಹುಣಸೆ, ಬನ್ನಿ ಮರಗಳನ್ನೂ ಇದೇ ನಕ್ಷೆಯಲ್ಲಿ ಗುರುತಿಸಬೇಕು. ಮೇ ತಿಂಗಳಲ್ಲಿ 43 ಡಿಗ್ರಿ ಮುಟ್ಟುವ ಊರಿನಲ್ಲಿ ಬೆಳೆದು ನಿಂತ ಮರದ ನೆರಳಿಗೆ ಹೊಸ ಸಸಿ ಹತ್ತು ವರ್ಷವಾದರೂ ಸಮನಾಗುವುದಿಲ್ಲ.

ಷರತ್ತುಗಳು ಜಾರಿಯಾಗಬೇಕಾದರೆ ಅವು ನಿವೇಶನ ಮಾರಾಟಕ್ಕೆ ಮೊದಲೇ ಪೂರೈಕೆಯಾಗಬೇಕು, ಏಕೆಂದರೆ ನೋಂದಣಿಯಾಗಿ ಮನೆ ಎದ್ದ ಮೇಲೆ ಹಳ್ಳವನ್ನು ಬಿಡಿಸಿಕೊಳ್ಳುವುದೆಂದರೆ ಸಾಲ ಮಾಡಿ ಪ್ಲಾಟ್ ಕೊಂಡ ಅಮಾಯಕರ ಗೋಡೆಗಳನ್ನು ಒಡೆಯುವುದು. ನಿವೇಶನಗಳನ್ನು ಕಾಮಗಾರಿಗೆ ಅನುಗುಣವಾಗಿ ಹಂತಹಂತವಾಗಿ ಬಿಡುಗಡೆ ಮಾಡುವ ಪದ್ಧತಿ ಈಗಲೂ ಇದೆ. ಆದರೆ ರಸ್ತೆ, ವಿದ್ಯುತ್ ಕಂಬ, ನೀರಿನ ಟ್ಯಾಂಕ್ ನೋಡಿ ಮುಗಿಸುವ ಆ ತಪಾಸಣೆಯಲ್ಲಿ ಹಳ್ಳದ ಅಗಲ, ತಡೆಹೊಂಡದ ಆಳ, ಕೊಳಚೆ ನೀರಿನ ದಾರಿ ಇವನ್ನೂ ಅಳೆದು ಬರೆಯಬೇಕು, ಮತ್ತು ಮೊದಲ ಹಂತದ ಬಿಡುಗಡೆಗೆ ಮುನ್ನ ಕನಿಷ್ಠ ಒಂದು ತಪಾಸಣೆಯಾದರೂ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ, ಜೋರು ಮಳೆಯ ಮರುದಿನ, ಪಕ್ಕದ ಹೊಲದ ರೈತನ ಸಮ್ಮುಖದಲ್ಲಿ ನಡೆಯಬೇಕು.