ಹೊಗಳಿಕೆಯ ವೇಷದ ಅವಮಾನ

ಮಡಿಕೇರಿಯಲ್ಲಿ ನನ್ನ ಬಳಿ ಆಪ್ತಸಮಾಲೋಚನೆಗೆ ಬರುವ ನೌಕರರು ಸಾಮಾನ್ಯವಾಗಿ ಮಾತು ಶುರು ಮಾಡುವುದೇ ‘ದೊಡ್ಡ ವಿಷಯ ಏನಲ್ಲ ಮೇಡಂ’ ಎಂದು. ಆಮೇಲೆ ಹೊರಬರುವುದು ಇಂಥದ್ದು: ಎಸ್ಟೇಟಿನ ಲೈನ್‌ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ ಬೆಳೆದ ತೋಟ ಕಾರ್ಮಿಕರ ಮಗಳು, ರೆಸಾರ್ಟ್‌ನ ಫ್ರಂಟ್ ಆಫೀಸಿನಲ್ಲಿ ಕೆಲಸ. ಅತಿಥಿಗಳ ಎದುರೇ ಮ್ಯಾನೇಜರ್, ‘ಲೈನ್‌ಮನೆಯಿಂದ ಬಂದವಳಾದ್ರೂ ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾಳೆ ನೋಡಿ’ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಹೊಗಳಿದ್ದಕ್ಕೆ ಬೇಸರಪಟ್ಟರೆ ತನ್ನದೇ ತಪ್ಪಾದೀತೆಂದು ಅವಳೂ ನಗುತ್ತಾಳೆ. ರಾತ್ರಿ ನಿದ್ದೆ ಬರುವುದಿಲ್ಲ.

ನೇರವಾಗಿ ಬೈದರೆ ಬೈದರು ಎನ್ನಬಹುದು. ಇಲ್ಲಿ ಹೇಳಿದವರ ಮನಸ್ಸಿನಲ್ಲಿ ಏನಿತ್ತೆಂದು ತಲೆ ಕೆಡಿಸಿಕೊಳ್ಳುವ ಕೆಲಸವೂ ಕೇಳಿದವರ ಪಾಲಿಗೇ ಬರುತ್ತದೆ. ಅಮೆರಿಕದ ಕಪ್ಪು ಜನರು ದಿನವೂ ಉಣ್ಣುತ್ತಿದ್ದ ಇಂಥ ಸಣ್ಣ ಅವಮಾನಗಳನ್ನು ಮನೋವೈದ್ಯ ಚೆಸ್ಟರ್ ಪಿಯರ್ಸ್ 1970ರಲ್ಲಿ ‘ಮೈಕ್ರೋಅಗ್ರೆಶನ್’ ಎಂದು ಕರೆದರು. ಒಂದೊಂದೂ ಚಿಕ್ಕದು, ಒಟ್ಟುಗೂಡಿದಾಗ ಮಾಡುವ ಹಾನಿ ದೊಡ್ಡದು.

ಹಾಗಾಗಿ ಉದ್ದೇಶದ ಚರ್ಚೆಗೇ ಇಳಿಯಬೇಡಿ. ‘ಅವಮಾನ ಮಾಡಿದ್ರಿ’ ಎಂದರೆ ‘ತಮಾಷೆಗೆ ಅಂದೆ’ ಎಂದು ಜಾರಿಕೊಳ್ಳುತ್ತಾರೆ. ಸಾಧ್ಯವಾದರೆ ಅದೇ ದಿನ, ಅವರೊಬ್ಬರೇ ಸಿಕ್ಕಾಗ ಕೇಳಿ: ‘ಸರ್, ಗೆಸ್ಟ್ ಮುಂದೆ ಲೈನ್‌ಮನೆ ವಿಷಯ ಯಾಕೆ ತೆಗೆದ್ರಿ? ಇನ್ನು ಮುಂದೆ ಬೇಡ.’ ಅಷ್ಟೇ ಸಾಕು. ಹೇಳಿದ ಮೇಲೆ ಸುಮ್ಮನಿರುವುದು ಮಾತ್ರ ಬಹಳ ಕಷ್ಟ. ‘ಹೋಗ್ಲಿ ಬಿಡಿ ಸರ್’ ಎಂದು ನಾವೇ ಅದನ್ನು ಅಳಿಸಿಬಿಡುತ್ತೇವೆ. ಅದಕ್ಕೇ ‘ಇನ್ನು ಮುಂದೆ ಬೇಡ’ ಎಂಬ ವಾಕ್ಯವನ್ನು ನನ್ನೆದುರು ಬಾಯಿಬಿಟ್ಟು ಹೇಳಿಸಿ, ಹೇಳಿಸಿ ರೂಢಿ ಮಾಡಿಸುತ್ತೇನೆ.

ಎಲ್ಲವೂ ಅವಮಾನವಲ್ಲ. ನಮ್ಮ ಜಿಲ್ಲೆಯ ಕಚೇರಿಗಳಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಒಂದೇ ಟೇಬಲಿನ ಸುತ್ತ ಕೇಳಿಸುತ್ತವೆ. ಮಂಡ್ಯದಿಂದ ಬಂದ ಅಕೌಂಟೆಂಟ್ ಎದುರು ಇಬ್ಬರು ತಮ್ಮ ಭಾಷೆಯಲ್ಲಿ ಹರಟಿದರೆ ಅದು ರೂಢಿ. ಮೀಟಿಂಗ್‌ನ ತೀರ್ಮಾನವೇ ಅವರಿಗೆ ತಿಳಿಯದ ಭಾಷೆಯಲ್ಲಿ ಆಗಿ, ಡ್ಯೂಟಿ ಚಾರ್ಟ್ ಹಾಕುವ ವಾಟ್ಸಾಪ್ ಗ್ರೂಪಿಗೂ ಅವರೊಬ್ಬರನ್ನೇ ಸೇರಿಸದಿದ್ದರೆ ಅದನ್ನು ರೂಢಿ ಎನ್ನಲು ನಾನು ಒಪ್ಪುವುದಿಲ್ಲ. ಮತ್ತೆ ಮತ್ತೆ ಒಬ್ಬರಿಗೇ ಹೀಗಾಗುತ್ತಿದ್ದರೆ ದಿನಾಂಕ, ಆಡಿದ ಮಾತು, ಅಲ್ಲಿದ್ದವರ ಹೆಸರು ಬರೆದಿಡಿ.

ನನಗೆ ನಿಜವಾಗಿ ಸಿಟ್ಟು ಬರುವುದು ಸುತ್ತ ನಿಂತು ನಕ್ಕವರ ಮೇಲೆ. ನೋವಾದವರು ಬಾಯಿಬಿಟ್ಟರೆ ‘ತುಂಬಾ ಸೆನ್ಸಿಟಿವ್’ ಎಂಬ ಹಣೆಪಟ್ಟಿ ಸಿದ್ಧ. ಪಕ್ಕದವರು ‘ಅದು ಸರಿಯಲ್ಲ ಸರ್’ ಎಂದರೆ ಹಾಗೆನ್ನಲು ಬರುವುದಿಲ್ಲ. ಚಿಕ್ಕ ಊರು, ನಾಳೆ ಮದುವೆ ಮನೆಯಲ್ಲಿ ಅದೇ ಮ್ಯಾನೇಜರ್ ಪಕ್ಕದಲ್ಲಿ ಊಟಕ್ಕೆ ಕೂರಬೇಕು ಎಂಬ ಅಳುಕು ನನಗೂ ಗೊತ್ತು. ಧೈರ್ಯ ಸಾಲದಿದ್ದರೆ ನಗದೇ ಇರಿ. ಆಮೇಲೆ ನೋವಾದವರನ್ನು ಕಂಡು ‘ನಾನೂ ಕೇಳಿಸಿಕೊಂಡೆ’ ಎಂದಾದರೂ ಹೇಳಿ.

ಮಹಿಳೆಯರೊಡನೆ ಮಾತು ಲೈಂಗಿಕತೆಯತ್ತ ತಿರುಗಿದರೆ ಬರೆದಿಟ್ಟರಷ್ಟೇ ಸಾಲದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ನಾಲ್ಕೈದು ಜನರ ಹೋಮ್‌ಸ್ಟೇ ಆದರೆ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಸಾಮಾನ್ಯವಾಗಿ ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು.