ವಾರಮ್ ಪರ್ಸಿ ಖಾಲಿಯಾದದ್ದು ಪ್ಲೇಗಿನಿಂದಲೇ?

ಪ್ರಶ್ನೆ: ಇಂಗ್ಲೆಂಡಿನ ವಾರಮ್ ಪರ್ಸಿ ಎಂಬ ಹಾಳೂರಿನ ಜನರೆಲ್ಲ ಪ್ಲೇಗಿನಲ್ಲಿ ಸತ್ತು ಊರು ಖಾಲಿಯಾಯಿತು ಅಂತಾರೆ. ನಿಜವೇ?

ಉತ್ತರ: ಇಲ್ಲ. 1348ರಲ್ಲಿ ಇಂಗ್ಲೆಂಡಿಗೆ ಬಂದ ಪ್ಲೇಗ್ ಈ ಊರನ್ನೂ ಬಿಡಲಿಲ್ಲ. ಆದರೆ ಅದಾದ ಮೇಲೂ ಸುಮಾರು 150 ವರ್ಷ ಇಲ್ಲಿ ಒಲೆ ಉರಿದಿದೆ. ಕೊನೆಗೆ ಊರು ಬಿಡಿಸಿದ್ದು ಕುರಿಗಳಿಗಾಗಿ, ಬಿಡಿಸಿದವನು ಜಮೀನುದಾರ.

ಪ್ಲೇಗಿನ ನಂತರ ದುಡಿಯುವ ಕೈಗಳು ಕಡಿಮೆಯಾದವು, ಕೂಲಿ ಏರಿತು. ಉಣ್ಣೆಗೆ ಒಳ್ಳೆ ಬೆಲೆ ಇತ್ತು. ಉಳುಮೆಗೆ ಊರೆಲ್ಲ ಬೇಕು, ಕುರಿ ಕಾಯಲು ಒಬ್ಬನೋ ಇಬ್ಬರೋ ಸಾಕು ಅಲ್ವಾ? ಹೀಗೆ ಒಕ್ಕಲು ಎಬ್ಬಿಸುವುದು ಎಷ್ಟು ಹೆಚ್ಚಿತೆಂದರೆ 1517ರಲ್ಲಿ ಸರ್ಕಾರವೇ ವಿಚಾರಣೆ ನಡೆಸಿತು. ಇಲ್ಲಿ ನಾಲ್ಕು ನೇಗಿಲು ನಿಂತವು, ನಾಲ್ಕು ಮನೆ ಬಿದ್ದವು ಎಂದು ಅದರಲ್ಲಿ ದಾಖಲಾಗಿದೆ. ಆ ನಾಲ್ಕು ಮನೆಯವರು ಎಲ್ಲಿಗೆ ಹೋದರೋ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಊರು ಇರುವುದು ಯಾರ್ಕ್‌ಶೈರಿನ ಸೀಮೆಸುಣ್ಣದ ಗುಡ್ಡಗಳ ನಡುವೆ. ನಮ್ಮ ಕಂದಾಯ ದಾಖಲೆಯ ಬೇಚರಾಕ್ ಗ್ರಾಮಗಳ ಹಾಗೆ, ಹೆಸರುಂಟು, ಜನ ಇಲ್ಲ. ಮನೆಗಳ ತಳಪಾಯ ಹುಲ್ಲಿನಡಿ ಉಬ್ಬಿಕೊಂಡು ಸಾಲಾಗಿ ಕಾಣುತ್ತದೆ. ಕೆಲವು ಉದ್ದ ಮನೆಗಳಲ್ಲಿ ಒಂದೇ ಮಾಡಿನಡಿ ಈ ತುದಿಗೆ ಜನ, ಆ ತುದಿಗೆ ದನ.

ನಿಂತಿರುವ ಹಳೆಯ ಕಟ್ಟಡವೆಂದರೆ ಮುಖ್ಯವಾಗಿ ಸೂರಿಲ್ಲದ ಸೇಂಟ್ ಮಾರ್ಟಿನ್ ಚರ್ಚು. ಅದರ ಗೋಡೆ ನೋಡಿದರೆ ಊರಿನ ಜನಸಂಖ್ಯೆಯೇ ಗೊತ್ತಾಗುತ್ತದೆ. ಜನ ಹೆಚ್ಚಿದಾಗ ಗೋಡೆಯಲ್ಲಿ ಕಮಾನು ತೆರೆದು ಎರಡೂ ಬದಿಗೆ ಜಾಗ ಸೇರಿಸಿದ್ದರು. ಜನ ಕಡಿಮೆಯಾದಾಗ ಆ ಭಾಗಗಳನ್ನು ಕೆಡವಿ ಕಮಾನುಗಳಿಗೆ ಕಲ್ಲು ತುಂಬಿದರು. ಮುಚ್ಚಿದ ಕಮಾನಿನ ಗುರುತು ಈಗಲೂ ಸ್ಪಷ್ಟ. ಊರು ಹೋದ ಮೇಲೂ ಪಕ್ಕದ ಥಿಕ್ಸೆಂಡೇಲಿನವರು ನೂರಾರು ವರ್ಷ ಇಲ್ಲಿಗೇ ಪ್ರಾರ್ಥನೆಗೆ ನಡೆದು ಬರುತ್ತಿದ್ದರು. 1870ರ ಹೊತ್ತಿಗೆ ಅವರಿಗೆ ಸ್ವಂತ ಚರ್ಚಾಯಿತು.

ಇಷ್ಟೆಲ್ಲ ಗೊತ್ತಾದದ್ದು ಮಾರಿಸ್ ಬೆರೆಸ್‌ಫೋರ್ಡ್, ಜಾನ್ ಹರ್ಸ್ಟ್ ಇಬ್ಬರ ಹಟದಿಂದ. ಒಬ್ಬರು ಆರ್ಥಿಕ ಇತಿಹಾಸಕಾರ, ಇನ್ನೊಬ್ಬರು ಪುರಾತತ್ವಜ್ಞ. 1950ರಿಂದ 1990ರವರೆಗೆ ಪ್ರತಿ ಬೇಸಿಗೆ ಸ್ವಯಂಸೇವಕರನ್ನು ಕರೆತಂದು ಅಗೆಸಿದರು. ಅರಮನೆ, ಕೋಟೆ ಬಿಟ್ಟು ಸಾಮಾನ್ಯ ರೈತನ ಮನೆಗೆ 40 ವರ್ಷ ಕೊಟ್ಟರಲ್ಲ, ಅದು ದೊಡ್ಡದು.

ಹೋಗಿ ನೋಡುವುದಾದರೆ ಟಿಕೆಟ್ ಇಲ್ಲ. ಕಾರು ನಿಲ್ಲಿಸಿದ ಮೇಲೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ನಡೆಯಬೇಕು, ದಾರಿ ಇಳಿಜಾರು. ಮಳೆಗಾಲದ ಶೂ ಇರಲಿ.